ಹೊಡೆದು ಹಾಕಿದ ಉತ್ತರಗಳು

ರಾಂಜಣಗಾಂವದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಗೆ ರಜೆ ಹಾಕಿ ಲಾಲಪ್ಪ ಪುಣೆಯ ಶಿವಾಜಿನಗರದ ಕಾಲೇಜಿಗೆ ಬಂದಿದ್ದ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದ ಅವನ ಮಗಳು ಶಿವಕಾಂತಾ ಮೂರು ವಿಷಯಗಳಲ್ಲಿ ನಾಪಾಸಾಗಿದ್ದಳು. ವಿದ್ಯಾರ್ಥಿಗಳ ಮನಸ್ಸಿನ ತೊಂದರೆ ವಿಚಾರಿಸುವ ಸ್ನೇಹಲ್ ಮೇಡಂ ಅವನನ್ನು ಕರೆಸಿದ್ದರು. ಅವರೂ ಲಾಲಪ್ಪನಂತೆ ವಿಜಯಪುರದ ಕಡೆಯವರಾದ್ದರಿಂದ ಕನ್ನಡದಲ್ಲೇ ಮಾತಿಗಿಳಿದರು.

“ಕಾಕಾ, ಹೋದ ತಿಂಗಳು ಎಲ್ಲಾರಿಗೂ ಬುದ್ಧಿಶಕ್ತಿದ ಪರೀಕ್ಷಾ ಇಟ್ಟಿದ್ವಿ. ನೂರಾ ಎಂಬತ್ತು ಮಂದಿಯೊಳಗ ನಿಮ್ಮ ಮಗಳೇ ಮೊದಲು.”

“ಹಂಗಾದ್ರ ನಾಪಾಸ್ ಹೆಂಗಾದ್ಳ್ರಿ?”

ಮೇಡಂ ನಾಪಾಸಾದ ವಿಷಯದ ಉತ್ತರಪತ್ರಿಕೆಯ ಪ್ರತಿಯನ್ನು ಅವನ ಮುಂದೆ ಬಿಚ್ಚಿದರು. ಪುಟ ತುಂಬ ಲೆಕ್ಕ, ಅದರ ಮೇಲೆ ಅಡ್ಡ ಗೀಟು. ಮುಂದಿನ ಪುಟವೂ ಹಾಗೇ.

“ಇವೆಲ್ಲಾ ಖರೇ ಉತ್ತರ ಅದಾವ್ರಿ. ತಪ್ಪಿರಬೇಕಂತ ತಾನೇ ಹೊಡದು ಹಾಕ್ಯಾಳ. ಸ್ವಭಾವದ್ದೂ ಒಂದು ಪರೀಕ್ಷಾ ಇತ್ತು. ಅದರಾಗ ಅಂಜಿಕಿ, ತನ್ನ ಮ್ಯಾಲೆ ತನಗ ಅನುಮಾನ, ಭಾಳ ಕಂಡಾವ.”

“ಇದಕ್ಕ ಔಷಧ ಅದ ಏನ್ರಿ?”

“ವಾರವಾರ ಬಂದು ಮಾತಾಡ್ಲಿ. ಆದ್ರ ವೇಳೆ ಹಿಡೀತದ. ಮರುಪರೀಕ್ಷಾ ಹನ್ನೆರಡು ದಿನಕ್ಕದ. ಅಷ್ಟರಾಗ ಸರಿ ಆಗ್ತಾಳ ಅಂತ ಹೇಳಲಿಕ್ಕಾಗೂದಿಲ್ರಿ.”

ಲಾಲಪ್ಪನಿಗೆ ಓದು ಬಾರದು. ರೇಶನ್ ಕಾರ್ಡು, ಬ್ಯಾಂಕಿನ ಅರ್ಜಿ, ಎಲ್ಲವನ್ನೂ ಏಳು ವರ್ಷದವಳಿದ್ದಾಗಿನಿಂದ ಶಿವಕಾಂತಾಳೇ ತುಂಬುತ್ತಿದ್ದಳು. ಒಂದಕ್ಷರ ತಪ್ಪಿದರೆ ಸಾಹೇಬರು ತಿರುಗಿ ಕಳಿಸುತ್ತಾರೆಂಬ ಭಯಕ್ಕೆ ಅವನು ಪಕ್ಕದಲ್ಲೇ ಕೂತು ಪ್ರತಿ ಸಾಲಿಗೂ “ಖರೇ ಅದ ಏನ? ಮತ್ತೊಮ್ಮೆ ನೋಡು” ಅನ್ನುತ್ತಿದ್ದ. ಅದು ಈಗ ನೆನಪಾಯಿತು. ಅದನ್ನು ಮೇಡಂಗೆ ಹೇಳದೆ ಕೈ ಮುಗಿದು ಎದ್ದ.

ಮೊದಲ ಮರುಪರೀಕ್ಷೆಯ ದಿನ ಮಗಳ ಜೊತೆ ತಾನೂ ಹೊರಟ. ‘ಬರೆದದ್ದನ್ನು ಹೊಡೀಬ್ಯಾಡ’ ಎಂಬ ಒಂದೇ ಮಾತನ್ನು ಬಸ್ಸಿನ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದ. ಗೇಟಿನ ಹತ್ತಿರ ಅವಳು ತಿರುಗಿ ನೋಡಿದಳು. ಅವನ ಬಾಯಿಂದ ಬಂದದ್ದು, “ಎರಡೆರಡು ಸಲ ನೋಡಿ ಬರಿಯವ್ವಾ.”

ಅವಳು ತಲೆಯಾಡಿಸಿ ಒಳಗೆ ಹೋದಳು. ಕೂಗಿ ಕರೆಯಬೇಕೆನ್ನುವಷ್ಟರಲ್ಲಿ ಕಾವಲುಗಾರ ಗೇಟು ಎಳೆದ.

ಮೂರು ತಾಸಿನ ಮೇಲೆ ಹೊರಬಂದವಳ ಮುಖ ಬಿಳಿಚಿಕೊಂಡಿತ್ತು.

“ಐದೂ ಪ್ರಶ್ನಿಗೆ ಉತ್ತರ ಬಂದಿದ್ವು ಅಪ್ಪಾ. ಕಡೀಗೆ ಮೂರು ಹೊಡದೆ.”

“ಯಾಕವ್ವಾ?”

“ಗೊತ್ತಿಲ್ಲ. ಕೈ ತಾನಾಗೇ ಹೋತು.”

ಉಳಿದೆರಡು ಪರೀಕ್ಷೆಗಳೂ ಹಾಗೆಯೇ ಮುಗಿದವು. ಫಲಿತಾಂಶದಲ್ಲಿ ಒಂದು ವಿಷಯ ಪಾಸು, ಎರಡು ನಾಪಾಸು. ಅವಳ ಒಂದು ವರ್ಷ ವ್ಯರ್ಥವಾಯಿತು. ಅಂದು ಸಂಜೆ ಹೆಂಡತಿ ಚಂದಮ್ಮ, “ಹುಡುಗಿ ದಡ್ಡಿ ಅದಾಳ ಏನ್ರಿ?” ಎಂದು ಮೆಲ್ಲಗೆ ಕೇಳಿದಳು. ಲಾಲಪ್ಪ ಅಲ್ಲವೆಂದು ತಲೆಯಾಡಿಸಿದ. “ಹೊಡದು ಹಾಕಿದ್ದೆಲ್ಲಾ ಖರೇ ಉತ್ತರ ಇದ್ವು,” ಅಂದ.