ಬಾಯ್ಲರ್ ಪಕ್ಕದ ಪುಸ್ತಕ

ನಮ್ಮ ಲಾಂಡ್ರಿಯ ಬಾಯ್ಲರ್ ಕೋಣೆಯಲ್ಲೇ ಇಸ್ತ್ರಿ, ಮಡಚುವ ಕೆಲಸವೂ, ಒಬ್ಬೊಬ್ಬರದೇ ಶಿಫ್ಟ್. ಬದಲಾಗುವಾಗ ಮಾತಾಡುವಂತಿಲ್ಲ, ಏನಿದ್ದರೂ ಬಾಯ್ಲರ್ ಪಕ್ಕದ ಪುಸ್ತಕದಲ್ಲಿ, ಅದೂ ಇಂಗ್ಲಿಷಿನಲ್ಲೇ ಬರೆಯಬೇಕು. ಇದು ಸೂಪರ್‌ವೈಸರ್ ಮಹಾಶಯನ ಕಾನೂನು. ಸೋಮವಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಮ್ಮ ತಪ್ಪುಗಳನ್ನು ರಾಗವಾಗಿ ಓದುವುದೆಂದರೆ ಅವನಿಗೆ ಎಲ್ಲಿಲ್ಲದ ಖುಷಿ. ನಾನೊಮ್ಮೆ ‘ಐ ಆಫ್ಡ್ ದ ಫ್ಯಾನ್’ ಎಂದು ಬರೆದಿದ್ದೆ. ಅಂದಿನಿಂದ ನನ್ನ ಹೆಸರೇ ಆಫ್ಡ್ ಮೇಡಂ. ಹಾಗೆ ಬರೆಯಬಾರದೆಂದು ನನಗೇನು ಕನಸು ಬಿದ್ದಿತ್ತೇ?

ಇವತ್ತು ಮಧ್ಯಾಹ್ನ ನನ್ನ ಬೆಳಗಿನ ಶಿಫ್ಟ್ ಮುಗಿಯಲು ಹತ್ತು ನಿಮಿಷವಿದ್ದಾಗ ಬಾಯ್ಲರಿನ ಒತ್ತಡದ ಮುಳ್ಳು ಕೆಂಪು ಗೆರೆ ದಾಟಿತು. ಆಗ ತಾನಾಗಿ ತೆರೆದು ಹಬೆ ಬಿಡಬೇಕಾದ ವಾಲ್ವ್ ಜಪ್ಪಯ್ಯ ಎಂದರೂ ಅಲುಗಲಿಲ್ಲ. ನಾನೇ ಓಡಿ ಉರಿ ತಗ್ಗಿಸಿದೆ.

ಪುಸ್ತಕ ತೆರೆದು ಪೆನ್ನು ಹಿಡಿದೆ. ವಾಲ್ವ್ ಸ್ಟಕ್ಕೋ, ಸ್ಟ್ರಕ್ಕೋ? ಡಿಡ್ ನಾಟ್ ಓಪನ್ನೋ, ಓಪನ್ಡೋ? ಸೋಮವಾರದ ನಗು ಈಗಲೇ ಕಿವಿಯಲ್ಲಿ ಕೇಳಿಸಿತು. ಮೇಲಿನ ಸಾಲುಗಳಲ್ಲೆಲ್ಲ ‘ಆಲ್ ಓಕೆ’ ಎಂದಿತ್ತು. ನಾನೂ ಅದನ್ನೇ ಬರೆದು ಸಹಿ ಹಾಕಿ ಹೊರಬಿದ್ದೆ.

ಮಧ್ಯಾಹ್ನದಿಂದ ರಾತ್ರಿ ಬಾಗಿಲು ಹಾಕುವವರೆಗಿನ ಶಿಫ್ಟ್ ಅಕ್ಕನದು. ಒಡಹುಟ್ಟಿದವಳಲ್ಲ, ಕೆಲಸಕ್ಕೆ ಸೇರಿದ ದಿನ ನನ್ನ ಸುಟ್ಟ ಕೈಗೆ ತಣ್ಣೀರು ಸುರಿದು ಕೂರಿಸಿಕೊಂಡವಳು. ನನ್ನ ಸಾಲು ನಂಬಿ ಅವಳು ಬಾಯ್ಲರಿಗೆ ಬೆನ್ನು ಹಾಕಿ ಇಸ್ತ್ರಿಗೆ ನಿಂತರೆ ಏನು ಗತಿ? ಫೋನ್ ಮಾಡೋಣವೆಂದರೆ ಒಳಗೆ ಹೋಗುವವರ ಫೋನೆಲ್ಲ ಗೇಟಿನಲ್ಲೇ. ಬಸ್ಸು ಬಂತು, ಹತ್ತಲು ಮನಸ್ಸು ಬರಲಿಲ್ಲ. ಬಿದ್ದಂಬೀಳ ವಾಪಸ್ ಓಡಿದೆ.

ಇಸ್ತ್ರಿ ಮೇಜಿನ ಮುಂದೆ ಅವಳಿರಲಿಲ್ಲ. ನೋಡಿದರೆ ಬಾಯ್ಲರ್ ಎದುರು ಸ್ಟೂಲ್ ಹಾಕಿಕೊಂಡು, ಗ್ಯಾಸಿನ ತಿರುಪಿನ ಮೇಲೆ ಕೈಯಿಟ್ಟು, ಮುಳ್ಳಿನಿಂದ ಕಣ್ಣು ಕೀಳದೆ ಕೂತಿದ್ದಳು.

“ಅಕ್ಕಾ, ವಾಲ್ವ್ ತೆರೀತಿಲ್ಲ. ನಾನು ಸುಳ್ಳು ಬರೆದೆ. ಮೊದಲು ಆರಿಸಿಬಿಡು.”

“ಗೊತ್ತು ಕಣೇ. ನಾಲ್ಕು ದಿನ ಆಯ್ತು. ದಿನಾ ಹೀಗೇ ಕಾಯ್ತಾ ಕೂತಿರ್ತೀನಿ.”

“ಮತ್ತೆ ಪುಸ್ತಕದಲ್ಲಿ ಬರೀಲಿಲ್ವಾ?”

ಅವಳು ತಲೆ ತಗ್ಗಿಸಿದಳು. “ನಿನ್ನ ಆಡ್ಕೊಂಡು ನಕ್ಕಿದ್ದು ನೋಡಿದ್ದೆನಲ್ಲ. ಬರೆಯೋಕೆ ಧೈರ್ಯ ಬರ್ಲಿಲ್ಲ.”

ತಿರುಪನ್ನು ನಾನೇ ಪೂರ್ತಿ ತಿರುಗಿಸಿದೆ. ಉರಿ ಆರಿತು. ಆ ನಾಲ್ಕೂ ದಿನ ಬೆಳಿಗ್ಗೆ ಅವಳ ‘ಆಲ್ ಓಕೆ’ ಓದಿಕೊಂಡು, ಬಾಯ್ಲರಿಗೆ ಬೆನ್ನು ಹಾಕಿ, ಹಾಡು ಗುನುಗುತ್ತ ಬೆಡ್‌ಶೀಟ್ ಮಡಚಿದವಳು ನಾನು.