ಬಾಗಿಲ ಸಾಲಿನ ಬಟ್ಟಲು

ಎರಡನೇ ಸಲ ಸಾಬೂನು ಹಾಕಿ ಉಜ್ಜಿ ನಲ್ಲಿಯ ಕೆಳಗೆ ಹಿಡಿದಾಗಲೂ ಬಟ್ಟಲಿನ ಒಳಗಿನ ಗೆರೆ ಹೋಗಲಿಲ್ಲ. ಉಳಿದ ಪಾತ್ರೆಗಳೆಲ್ಲ ಪಕ್ಕದಲ್ಲಿ ಬೋರಲು ಮಲಗಿ ನೀರು ಇಳಿಸುತ್ತಿದ್ದವು. ಇದೊಂದು ಕೈ ಬಿಡಲಿಲ್ಲ. ಹೆಬ್ಬೆರಳಿನಿಂದ ತಿಕ್ಕಿದೆ. ಕಿಟಕಿಯ ಬೆಳಕಿಗೆ ಹಿಡಿದೆ. ಗೆರೆಯ ಮೇಲೆ ಬಟ್ಟಲು ಮೊದಲಿನ ಹಾಗೇ ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಗೆರೆಯ ಕೆಳಗೆ ಪೊರೆ ಬಂದ ಕಣ್ಣಿನಂತೆ ಮಂಕು. ಏನಾದರೂ ಅಂಟಿದ್ದರೆ ಉಜ್ಜಿ ತೆಗೆಯಬಹುದು. ಇಲ್ಲಿ ಏನೂ ಅಂಟಿರಲಿಲ್ಲ. ಇದ್ದದ್ದು ಹೋಗಿತ್ತು.

ಆ ಬಟ್ಟಲಿನಲ್ಲಿ ಮೊಮ್ಮಗಳಿಗೆ ನಾನು ಎರಡು ತಿಂಗಳಿಂದ ದಿನವೂ ನಿಂಬೆಹಣ್ಣಿನ ನೀರು ಕುಡಿಸುತ್ತಿದ್ದೆ. ಸರಿಯಾಗಿ ಆ ಗೆರೆಯವರೆಗೆ. ಹಾಲು, ಮಜ್ಜಿಗೆಯಂತೂ ಮೊದಲಿನಿಂದಲೂ ಅದರಲ್ಲೇ.

ಬಟ್ಟಲು ಹಿಡಿದುಕೊಂಡು ಅಲ್ಲೇ ಕೂತೆ. ಸೊಸೆ ಬಸ್ಸಿನ ಕಂಡಕ್ಟರು, ಬೆಳಗಿನ ಪಾಳಿಗೆ ಹೋಗಿದ್ದಳು. ಮಗ ಕಾರ್ಖಾನೆಯಲ್ಲಿದ್ದ. ಮಗು ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿತ್ತು. ಅಳುತ್ತಿರಲಿಲ್ಲ, ಅದೇ ನನಗೆ ದಿಗಿಲು. ಮೂರು ತುಂಬಲು ಇನ್ನೆರಡು ತಿಂಗಳು. ಆರು ತಿಂಗಳ ಹಿಂದೆ ಬೀದಿಯಲ್ಲಿ ಹೋಗುವ ನಾಯಿಯನ್ನೂ ನಿಲ್ಲಿಸಿ ಮಾತಾಡಿಸುತ್ತಿತ್ತು. ಮನೆಗೆ ಬಂದವರನ್ನು "ಟಿಕೆಟ್ ಟಿಕೆಟ್, ಒಳಗೆ ನಡೀರಿ" ಎಂದು ಅಮ್ಮನ ದನಿಯಲ್ಲೇ ಗದರಿಸುತ್ತಿತ್ತು. ಆಮೇಲೆ ಒಂದೊಂದೇ ಮಾತು ಬಿಡುತ್ತ ಬಂತು. ಮೊದಲು ನಾಯಿ ಹೋಯಿತು, ಆಮೇಲೆ ಟಿಕೆಟ್. ಈಗ ಉಳಿದಿದ್ದು "ಬೇಡ" ಒಂದೇ.

ನಮ್ಮ ಬೀದಿಯ ಡಾಕ್ಟರು ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, "ರಕ್ತ ಕಡಿಮೆ ಇದೆ. ಕಬ್ಬಿಣದ ಸಿರಪ್ಪು ಕೊಡಿ, ಜತೆಗೆ ನಿಂಬೆ ನೀರು. ಚೆನ್ನಾಗಿ ಮೈಗೆ ಹತ್ತುತ್ತೆ" ಎಂದಿದ್ದರು. ಹೇಳಿದ್ದನ್ನು ಒಂದು ತೊಟ್ಟೂ ಬಿಡದೆ ಮಾಡುವ ಜಾತಿ ನಾನು. ಮಾಡಿದೆ.

ನಾನು ಮೂವತ್ತನಾಲ್ಕು ವರ್ಷ ಟೈಲ್ಸ್ ಕಾರ್ಖಾನೆಯಲ್ಲಿ ಮೆರುಗು ಕಲಸಿದವಳು. ಸುಟ್ಟ ಮಣ್ಣಿನ ಮೇಲೆ ಗಾಜಿನಂತೆ ಕೂರುತ್ತದಲ್ಲ, ಅದೇ ಮೆರುಗು. ಮರಳಿನ ಹಿಟ್ಟು, ಬಿಳಿ ಜೇಡಿ, ಸೀಸದ ಪುಡಿ. ಸೀಸ ಹೆಚ್ಚಿದಷ್ಟೂ ಸಣ್ಣ ಉರಿಗೇ ಕರಗಿ ಹೊಳೆಯುತ್ತದೆ. ಅದು ಊಟದ ಪಾತ್ರೆಗೆ ಹಾಕುವ ಮೆರುಗಲ್ಲ, ಗೋಡೆಯ ಟೈಲ್ಸಿಗೆ ಹಾಕುವುದು. "ಗೋಡೆ ಯಾರೂ ನೆಕ್ಕಲ್ಲ ಬಿಡಮ್ಮ" ಎಂದು ಮೇಸ್ತ್ರಿ ನಗುತ್ತಿದ್ದ.

ನಮ್ಮ ಭಟ್ಟಿಯಲ್ಲಿ ಬಾಗಿಲಿಗೆ ಹತ್ತಿರದ ಸಾಲು ಚೆನ್ನಾಗಿ ಕಾಯುವುದಿಲ್ಲ. ಅಲ್ಲಿಟ್ಟ ಟೈಲ್ಸು ಕೆಡುತ್ತದೆ ಎಂದು ಮಾಲೀಕರು ಆ ಸಾಲನ್ನು ಖಾಲಿ ಬಿಡಲು ಹೇಳಿದ್ದರು. ನಾವು ಬಿಡಲಿಲ್ಲ. ಕೆಲಸದವರ ಮನೆಯಲ್ಲೋ ಅವರ ನೆಂಟರಿಷ್ಟರ ಮನೆಯಲ್ಲೋ ಮಗು ಹುಟ್ಟಿದರೆ ಆ ಸಾಲಿನಲ್ಲಿ ಅದಕ್ಕೊಂದು ಪುಟ್ಟ ಬಟ್ಟಲು ಸುಡುತ್ತಿದ್ದೆವು, ಮಾಲೀಕರ ಕಣ್ಣು ತಪ್ಪಿಸಿ. ಆ ಮಗುವಿಗೆ ಬಾಗಿಲ ಸಾಲಿನ ಮಗು ಎಂದೇ ಹೆಸರು. ಬಾಗಿಲ ಬಳಿಯ ಬಿಸಿ ಸಾಲದು, ಬಟ್ಟಲು ಮಂಕಾಗಬಾರದು ಎಂದು ನಾನು ಎರಡು ಹಿಡಿ ಸೀಸ ಹೆಚ್ಚು ಹಾಕುತ್ತಿದ್ದೆ. ಆ ಅಳತೆ ನನ್ನದೇ. "ನಿನ್ನ ಕೈಗುಣಕ್ಕೆ ಸಾಟಿ ಇಲ್ಲ" ಎಂದು ಎಲ್ಲರೂ ಅನ್ನುತ್ತಿದ್ದರು. ನಾನೂ ಉಬ್ಬುತ್ತಿದ್ದೆ. ಪುಡಿ ಮೂಗಿಗೆ ಹೋದರೆ ಕೆಟ್ಟದ್ದೆಂದು ನಮಗೆ ಗೊತ್ತಿತ್ತು, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೆವು. ಬೆಂದ ಮೇಲೆ ಅದು ಗಾಜು, ಗಾಜಿಗೇನು ದೋಷ ಅಂದುಕೊಂಡಿದ್ದೆವು. ಬಾಗಿಲ ಸಾಲಿನಲ್ಲಿ ಅದು ಪೂರ್ತಿ ಬೇಯುವುದೇ ಇಲ್ಲವಲ್ಲ ಎಂದು ಒಬ್ಬರೂ ಯೋಚಿಸಲಿಲ್ಲ.

ಹೋದ ವರ್ಷ ದೂರದ ವಿಶ್ವವಿದ್ಯಾಲಯದಿಂದ ನಾಲ್ಕು ಜನ ಬಂದಿದ್ದರು. ಒಬ್ಬರು ಡಾಕ್ಟರು, ಶಾಲೆಯ ಮಕ್ಕಳ ಬೆರಳು ಚುಚ್ಚಿ ರಕ್ತ ತೆಗೆದರು. ಒಬ್ಬರು ಮಣ್ಣು, ನೀರು ತುಂಬಿಕೊಂಡರು. ಒಬ್ಬ ಲೆಕ್ಕದವನು ಮನೆಮನೆಗೂ ನಕ್ಷೆಯಲ್ಲಿ ಚುಕ್ಕೆ ಇಟ್ಟ. ನಾಲ್ಕನೆಯವಳಿಗೆ ಚುಚ್ಚುವುದೂ ಇಲ್ಲ, ಅಗೆಯುವುದೂ ಇಲ್ಲ. ಕಾರ್ಖಾನೆಯ ಮೆಟ್ಟಿಲ ಮೇಲೆ ಕೂತು ನಮ್ಮ ಕೆಲಸದ ಮಾತುಗಳನ್ನು ಧ್ವನಿಮುದ್ರಣ ಮಾಡಿಕೊಳ್ಳುವುದೇ ಅವಳ ಕೆಲಸ.

"ಮಾತು ಕೇಳೋಕೂ ಒಂದು ಕಾಲೇಜಾ?" ಎಂದ ಮೇಸ್ತ್ರಿ. "ಹಂಗಾದ್ರೆ ನಮ್ಮತ್ತೇನ ಕರ್ಕೊಂಡ್ಹೋಗಿ, ಆವಮ್ಮ ಅಲ್ಲಿ ಪ್ರಿನ್ಸಿಪಾಲೇ ಆಗ್ಬಿಡ್ತಾಳೆ."

ಅವಳೂ ನಕ್ಕಳು. ಹೋಗುವಾಗ ನನ್ನ ವಿಳಾಸ ಬರೆದುಕೊಂಡಳು. ಐವತ್ತಾರನೇ ವಯಸ್ಸಿಗೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತೆ ಎಂದು ನಾನೇ ಬಾಯಿ ಬಿಟ್ಟಿದ್ದೆನಲ್ಲ.

ಅವಳ ಕಾಗದ ಬಂದು ಐದು ತಿಂಗಳಾಗಿತ್ತು. ಹಿಟ್ಟಿನ ಡಬ್ಬದ ಕೆಳಗೆ ಇಟ್ಟಿದ್ದೆ. ಅಂಟಿಸಿದ ಅಂಚೆಚೀಟಿಯ ಸಮೇತ ಉತ್ತರದ ಲಕೋಟೆಯೂ ಅದರ ಜತೆಗಿತ್ತು.

ಅದರಲ್ಲಿ ಹೀಗಿತ್ತು: "ಇಪ್ಪತ್ತಮೂರು ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಿದೆ. ಎಲ್ಲಿಂದ ಬಂತೆಂದು ತಿಳಿಯುತ್ತಿಲ್ಲ. ಮಣ್ಣು, ನೀರು ಎರಡೂ ಚೊಕ್ಕಟವಾಗಿವೆ. ಭಟ್ಟಿಯ ಹೊಗೆ ಇರಬೇಕೆಂದು ನಮ್ಮ ಡಾಕ್ಟರು ಅಂದುಕೊಂಡಿದ್ದರು. ಆದರೆ ನಕ್ಷೆಯ ಚುಕ್ಕೆಗಳು ಗಾಳಿ ಹೋದ ಕಡೆ ಹೋಗುವುದಿಲ್ಲ. ಸೇತುವೆ ದಾಟಿ, ಕಾರ್ಖಾನೆಯ ಸಂಬಂಧವೇ ಇಲ್ಲದ ಮನೆಗಳಿಗೆ ಹೋಗುತ್ತವೆ. ನಮ್ಮಲ್ಲಿ ಯಾರೊಬ್ಬರ ವಿದ್ಯೆಯಿಂದಲೂ ಇದು ಬಗೆಹರಿಯುತ್ತಿಲ್ಲ. ಹೋದ ವಾರ ನಿಮ್ಮ ಮಾತುಗಳನ್ನು ಮತ್ತೆ ಕೇಳಿದೆ. ಮೇಸ್ತ್ರಿ ಒಂದು ಮಗುವನ್ನು 'ಬಾಗಿಲ ಸಾಲಿನದು' ಎನ್ನುತ್ತಾರೆ, ಎಲ್ಲರೂ ನಗುತ್ತೀರಿ, ನೀವು ಮಾತು ಬದಲಿಸುತ್ತೀರಿ. ಬಾಗಿಲ ಸಾಲು ಎಂದರೇನು? ದಯವಿಟ್ಟು ಬರೆಯಿರಿ. ಮೂಲ ಬೇಗ ಸಿಕ್ಕಿ ನಿಂತರೆ ಮಕ್ಕಳು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಕಡಿಮೆ."

ನಾನು ಬರೆಯಲಿಲ್ಲ. ಬರೆದರೆ ಮಾಲೀಕರಿಗೆ ತಿಳಿಯುತ್ತದೆ, ಭಟ್ಟಿಯ ಕೆಲಸದವರೆಲ್ಲ ಮನೆಗೆ, ಮೊದಲು ನನ್ನ ಮಗ. ಅದು ನಾನು ನನಗೇ ಹೇಳಿಕೊಂಡ ಕಾರಣ. ಅದರ ಕೆಳಗೆ ಇನ್ನೊಂದಿತ್ತು: ಆ ಎರಡು ಹಿಡಿ ಹಾಕಿದ ಕೈ ನನ್ನದು.

ಅಷ್ಟರಲ್ಲಿ ವಿಶ್ವವಿದ್ಯಾಲಯದ ಡಾಕ್ಟರ ಮೊದಲ ಊಹೆ ಹೇಗೋ ಹಬ್ಬಿ ಬೀದಿಯಲ್ಲೆಲ್ಲ ಹೊಗೆ ಹೊಗೆ ಎಂದು ಸುದ್ದಿಯಾಯಿತು. ಕಿಟಕಿ ಮುಚ್ಚಿದರು, ಬಾಗಿಲ ಸಂದಿಗೆ ಬಟ್ಟೆ ತುರುಕಿದರು, ಮಕ್ಕಳನ್ನು ಒಳಗೆ ಕೂರಿಸಿಕೊಂಡು ಅದೇ ಬಟ್ಟಲಿನಲ್ಲಿ ಕುಡಿಸಿದರು. ನಾನು ನೋಡುತ್ತಿದ್ದೆ. ನಮ್ಮ ಮಗುವಿಗೆ ಹುಷಾರು ತಪ್ಪಿದಾಗ ಸೊಸೆ ಕೇಳಿದ್ದಳು, "ಡಾಕ್ಟ್ರೇ, ಆ ಹೊಗೆಯಿಂದ ಏನಾದ್ರೂ?" ಅವರು, "ಗಾಳಿ ಹೊಗೇನ ನಿಮ್ಮನೆ ಕಡೆ ತರಲ್ವಲ್ಲಮ್ಮ, ಅದಿರಲಾರದು" ಎಂದರು. ನನಗೆ ಎದೆ ಹಗುರವಾಯಿತು. ಬಟ್ಟಲಲ್ಲಿ ತಪ್ಪಿದ್ದರೆ ನನ್ನ ಕೈಯೇ ನನ್ನನ್ನು ತಡೆಯುತ್ತಿತ್ತು ಎಂದುಕೊಂಡು ಆ ದಿನವೂ ಬಟ್ಟಲು ತುಂಬಿಸಿದೆ.

ಈಗ ಮೊಮ್ಮಗಳ ಆ ಬಾಗಿಲ ಸಾಲಿನ ಬಟ್ಟಲು ನನ್ನ ಮಡಿಲಲ್ಲಿತ್ತು. ನಿಂಬೆಯ ಹುಳಿಗೆ ಕರಗಿಹೋದ ಹೊಳಪು ಎಲ್ಲಿದೆ ಎಂದು ಮೆರುಗು ಕಲಸಿದವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಂಜೆ ಐದಕ್ಕೆ ಇಬ್ಬರೂ ಬಂದರು. ಸೊಸೆ ಚೀಲ ಕೆಳಗಿಡುವ ಮೊದಲೇ ಮಗುವಿನ ಹಣೆ ಮುಟ್ಟಿದಳು. ನಾನು ಬಟ್ಟಲನ್ನೂ ಕಾಗದವನ್ನೂ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಹೇಳುವಾಗ ನನ್ನ ದನಿ ಯಾರದೋ ದನಿಯಂತೆ ಕೇಳುತ್ತಿತ್ತು.

ಮಗ ಮೊದಲು ನಕ್ಕ. "ಅಮ್ಮ, ಆ ಬಟ್ಟಲಲ್ಲಿ ಕುಡ್ದೇ ನಾವೆಲ್ಲ ಬೆಳೆದಿಲ್ವಾ? ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

ಸೊಸೆ ನಗಲಿಲ್ಲ. ಕಾಗದ ತಿರುಗಿಸಿ ತಾರೀಖು ನೋಡಿದಳು. "ಅತ್ತೆ, ಇದು ಬಂದು ಎಷ್ಟು ದಿನ ಆಯ್ತು?"

"ಐದು ತಿಂಗಳು."

"ಇವಳು 'ಟಿಕೆಟ್' ಅನ್ನೋದು ಬಿಟ್ಟಿದ್ದು ಯಾವಾಗ?"

ಉತ್ತರಕ್ಕೆ ಕಾಯಲಿಲ್ಲ. ನನ್ನ ಪಕ್ಕದಲ್ಲಿ ಮಲಗಿದ್ದ ಮಗುವನ್ನು ಎತ್ತಿಕೊಂಡು ಕೋಣೆಯ ಆ ತುದಿಗೆ ಹೋಗಿ ನಿಂತಳು. ಜಗಳ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮಗುವನ್ನು ನನ್ನಿಂದ ಎಷ್ಟು ದೂರಕ್ಕೆ ಒಯ್ದಳು ಎಂಬುದು ಕಣ್ಣಿಗೆ ಕಟ್ಟಿದಂತಿದೆ, ಏಳು ಹೆಜ್ಜೆ.

"ಸುಮ್ನಿರಿ ಇಬ್ರೂ," ಎಂದ ಮಗ. "ಬಟ್ಟಲು ಎತ್ತಿ ಬಿಸಾಕು, ಮುಗೀತು. ಕಾಗದ ಗೀಗದ ಬೇಡ. ಭಟ್ಟಿ ಆರಿದ್ರೆ ನಾಳೆ ಒಲೆ ಆರುತ್ತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ."

"ನಮ್ಮ ಬಟ್ಟಲು ಬಿಸಾಕ್ತೀಯ. ಉಳಿದೋರ ಮನೇದು?" ಎಂದಳು ಸೊಸೆ. ಕಾಗದದ ಎರಡನೇ ಹಾಳೆಯನ್ನು ಒಂದೇ ಕೈಯಲ್ಲಿ ಹಿಡಿದು ಜೋರಾಗಿ ಓದತೊಡಗಿದಳು, ನಿಲ್ದಾಣಗಳನ್ನು ಕೂಗುವ ಹಾಗೆ, ಏರಿಳಿತವಿಲ್ಲದೆ. "ಹೊಟ್ಟೆ ನೋವು. ಮೈ ಬಿಳಿಚಿಕೊಳ್ಳುವುದು. ಕಲಿತ ಮಾತು ಮರೆಯುವುದು. ದೊಡ್ಡ ಮಕ್ಕಳಲ್ಲಿ ಓದು ತಲೆಗೆ ಹತ್ತದಿರುವುದು. ಒಂದೇ ತರಗತಿಯಲ್ಲಿ ಮತ್ತೆ ಮತ್ತೆ ಕೂರುವುದು. ಮುಂಗೋಪ."

ಮಗ ಬೂಟಿನ ದಾರ ಬಿಚ್ಚುತ್ತಿದ್ದವನು ಹಾಗೇ ಉಳಿದ. ತಲೆ ಎತ್ತದೆಯೇ ಕೇಳಿದ, "ನಾಲ್ಕನೇ ಕ್ಲಾಸಲ್ಲಿ ನಾನು ಎಷ್ಟು ಸಲ ಕೂತೆ ಅಮ್ಮ?"

"ಮೂರು."

"ಪರಕೆ ಮುರಿದಿದ್ದು ಎರಡನೇ ಸಲಾನಾ, ಮೂರನೇ ಸಲಾನಾ?"

ಪರಕೆ ನಾನೇ ಅವನ ಬೆನ್ನ ಮೇಲೆ ಮುರಿದಿದ್ದೆ. ಅವನು ಹುಟ್ಟಿದಾಗ ಸುಟ್ಟ ಬಟ್ಟಲು ನನ್ನ ಮೊದಮೊದಲ ಬಟ್ಟಲುಗಳಲ್ಲಿ ಒಂದು. ಇದೆಲ್ಲ ಅದರಿಂದಲೇ ಆಯಿತೆಂದು ನನಗೆ ಗೊತ್ತಿಲ್ಲ. ಅಲ್ಲ ಎಂದೂ ಗೊತ್ತಿಲ್ಲ.

"ಬರಿ," ಎಂದ ಅವನು. "ಬರೆದು ಹಾಕು."

ಆ ಸಂಜೆಯೇ ಬರೆಯಲು ಕೂತೆ. ಸೀಸ ಎಷ್ಟು ಹಿಡಿ, ಮರಳಿನ ಹಿಟ್ಟು ಎಷ್ಟು, ಬಾಗಿಲ ಸಾಲು ಭಟ್ಟಿಯ ಬಾಯಿಯಿಂದ ಎಷ್ಟು ಗೇಣು, ಮಗ ಹೇಳಿದ ಹಾಗೆ ಅಲ್ಲಿನ ಉರಿ ಎಷ್ಟು. ಆಮೇಲೆ ಬಟ್ಟಲು ಹೋದ ಮನೆಗಳು. ದಾರ ಎಳೆದಂತೆ ಒಂದರ ಹಿಂದೆ ಒಂದು ನೆನಪಿಗೆ ಬರತೊಡಗಿದವು. ಮೇಸ್ತ್ರಿಯ ಅವಳಿ ಮಕ್ಕಳು. ಮಣ್ಣು ತುಳಿಯುವವನ ಕಿರಿಮಗಳು. ಸೇತುವೆಯ ಆಚೆ ನನ್ನ ತಂಗಿಯ ಮೊಮ್ಮಗ, ಐದು ವರ್ಷವಾದರೂ ಇನ್ನೂ ಮಾತಾಡದವನು; ಆ ಬಟ್ಟಲನ್ನು ಹತ್ತಿಯಲ್ಲಿ ಸುತ್ತಿ ನಾನೇ ಒಯ್ದು ಕೊಟ್ಟಿದ್ದೆ. ಈಗ ಮಕ್ಕಳಿರುವ ಮನೆಗಳಷ್ಟೇ ನಲವತ್ತು ದಾಟಿದವು. ಒಂದೊಂದು ಮನೆ ಬರೆದಾಗಲೂ ಆ ಮನೆಯವಳು ನಾಳೆ ನನ್ನ ಬಾಗಿಲಿಗೆ ಬಂದು ನಿಲ್ಲುವುದು ಕಾಣುತ್ತಿತ್ತು.

ಸೊಸೆ ಹಿಂದೆ ಬಂದು ನಿಂತು ಓದಿದಳು. "ನಮ್ಮನೇನೇ ಇಲ್ಲ ಇದರಲ್ಲಿ."

ನಿಜ. ಎಲ್ಲರ ಮನೆ ಬರೆದು ನಮ್ಮದನ್ನು ಬಿಟ್ಟಿದ್ದೆ. ಬೇಕೆಂದು ಬಿಟ್ಟದ್ದಲ್ಲ ಎಂದರೆ ಯಾರು ನಂಬುತ್ತಾರೆ. ಎಲ್ಲಕ್ಕೂ ಮೇಲೆ, ಮೊದಲ ಸಾಲಿನಲ್ಲಿ, ಜಾಗ ಮಾಡಿ ಸೇರಿಸಿದೆ.

ಬೆಳಗ್ಗೆ ಅವಳು ಮಗುವನ್ನು ದೊಡ್ಡ ಆಸ್ಪತ್ರೆಗೆ ಹೊರಡಿಸಿದಳು. ಸೀಸದ ಪರೀಕ್ಷೆ ಎಂದು ಬಾಯಿ ಬಿಟ್ಟು ಕೇಳಬೇಕು, ಇಲ್ಲವಾದರೆ ಮಾಡುವುದಿಲ್ಲ ಎಂದು ಕಾಗದದಲ್ಲಿತ್ತು. ನಾನು ಚಪ್ಪಲಿ ಮೆಟ್ಟಿದೆ.

"ನೀವು ಬರ್ಬೇಡಿ ಅತ್ತೆ," ಎಂದಳು, ಮೆಲ್ಲಗೆ. "ಇವತ್ತು ಬೇಡ."

ಮಗು ಅವಳ ಭುಜದ ಮೇಲಿಂದ ನನ್ನ ಕಡೆ ನೋಡುತ್ತ ಹೋಯಿತು. ಕೈ ಬೀಸಿದೆ. ಅದು ಬೀಸಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ.

ಅಂಚೆ ಕಚೇರಿಗೆ ಮಗ ಜತೆಗೆ ಬಂದ. ಪಾಳಿ ತಪ್ಪಿಸಿದ್ದ. ಮೇಸ್ತ್ರಿಗೆ ಅವನೇ ಮೊದಲು ಹೇಳಿಬಂದನಂತೆ. ಏನಂದ ಎಂದು ಕೇಳಿದೆ. "ಮಕ್ಕಳ ಬಟ್ಟಲು ತರ್ತೀನಿ ಅಂತ ಮನೆಗೆ ಓಡ್ದ" ಎಂದ.

ಕಿಟಕಿಯಲ್ಲಿದ್ದ ಗುಮಾಸ್ತೆ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟಳು. "ಒಂದು ಹಾಳೆಗೆ ಅಂಟಿಸಿದ ಚೀಟಿ ಇದು. ಒಳಗೆ ಏನು ಪುಸ್ತಕ ಬರೆದಿದ್ದೀರಾ ಅಜ್ಜಿ? ಇನ್ನೊಂದು ಚೀಟಿ ಬೇಕು."

ಮಗ ಇನ್ನೊಂದು ಕೊಂಡು ತಾನೇ ಅಂಟಿಸಿದ.

"ಯಾವತ್ತು ತಲುಪುತ್ತೆ?" ಎಂದು ಕೇಳಿದೆ.

"ನಾಡಿದ್ದು. ತುರ್ತಾ?"

ಹೌದೆಂದು ತಲೆಯಾಡಿಸಿದೆ. ಅವಳು ಠಸ್ಸೆ ಒತ್ತಿ, ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದು, "ಮುಂದಿನವರು ಬನ್ನಿ" ಎಂದಳು.