ಕುಡಿದು ತೋರಿಸುವವನು

"ಹಲ್ಲು ಕಿರಿಯೋ ಬೋಳಿಮಗನೆ! ಹಿಂಗೆ ಹರಳೆಣ್ಣೆ ಕುಡಿದವನ ಥರ ಮುಖ ಮಾಡಿದ್ರೆ ನಾಳೆ ತಪಾಸಣೆಯೋರು ಏನಂದ್ಕೋತಾರೆ? ಇನ್ನೊಂದ್ ಸಲ ಕುಡಿ."

ಮ್ಯಾನೇಜರು ಲೋಟ ಚಾಚಿದ. ಇದ್ದಿಲಣ್ಣ ಕುಡಿದ, ಹಲ್ಲು ಕಿರಿದ. ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಇದ್ದಿಲ ತೊಟ್ಟಿ ನೋಡಿಕೊಳ್ಳುವುದು ಅವನ ಕೆಲಸ. ಮುಖವೂ ಅದೇ ಬಣ್ಣಕ್ಕೆ ತಿರುಗಿದ್ದರಿಂದ ಹೆಸರೂ ಅದೇ ಆಗಿತ್ತು.

ಇದ್ದಿಲ ಮೈತುಂಬ ಕಣ್ಣಿಗೆ ಕಾಣದ ತೂತು. ಕೊಳಕು ನೀರು ಹಾದುಹೋಗುವಾಗ ಬಣ್ಣ ಆ ತೂತುಗಳಲ್ಲಿ ಸಿಕ್ಕಿಕೊಂಡು ನೀರು ಮಾತ್ರ ತಿಳಿಯಾಗಿ ಇಳಿಯಬೇಕು. ಆದರೆ ತೂತುಗಳೆಲ್ಲ ತುಂಬಿ ಎಷ್ಟೋ ಕಾಲವಾಗಿತ್ತು; ಬಣ್ಣದ ನೀರು ಹಾಗೇ ಮೋರಿಗೆ ಇಳಿಯುತ್ತಿತ್ತು. ಹೊಸ ಇದ್ದಿಲು ಕೇಳಿದಾಗಲೆಲ್ಲ "ನಿಮ್ಮಪ್ಪ ತಂದು ಹಾಕ್ತಾನಾ?" ಎಂಬ ಉತ್ತರ. ಇದ್ದಿಲಿನ ಬದಲು ತೊಟ್ಟಿಯ ಪಕ್ಕಕ್ಕೆ ಒಂದು ಪುಟ್ಟ ನಲ್ಲಿ ಬಂತು. ಅದರಲ್ಲಿ ಬರುವುದು ಆಫೀಸಿನವರು ಕುಡಿಯುವ ನೀರು. ತಪಾಸಣೆಯವರು ಬಂದಾಗ ಇವನು ಅದರಿಂದ ಲೋಟ ತುಂಬಿ, ತೊಟ್ಟಿಯ ನೀರೆಂದು ಎಲ್ಲರೆದುರು ಕುಡಿದು ತೋರಿಸಬೇಕು.

ಕಾರ್ಖಾನೆಯ ಹಿಂದಿನ ಕೇರಿಯವರೂ ಅವನು ಕುಡಿಯುವುದನ್ನು ನೋಡಿದ್ದರು. ಬಾವಿ ನೀರು ತೆಳುಗೆಂಪಾದಾಗಿನಿಂದ ದೂರದ ನಲ್ಲಿಗೆ ನಡೆಯುತ್ತಿದ್ದ ಹೆಂಗಸರು, "ನಮ್ಮವನೇ ಕುಡೀತಾನೆ, ನಮಗೇನ್ ದೊಡ್ಡ ರೋಗ?" ಎಂದು ಮತ್ತೆ ಬಾವಿಗೆ ಹಗ್ಗ ಬಿಟ್ಟರು. ಅವನ ಹೆಂಡತಿಯೂ ಬಿಟ್ಟಳು.

ಆವತ್ತು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಮಗಳು ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗಿದ್ದಳು.

"ಮಗೂಗೆ ದೂರದ ನಲ್ಲೀದೇ ತಾರೇ," ಎಂದ.

"ಯಾಕೆ? ನೀನ್ ಗಟಗಟ ಕುಡಿಯೋದು ನಾನೇ ನೋಡಿಲ್ವಾ?"

ನಿಜ ನಾಲಿಗೆಯ ತುದಿಗೆ ಬಂತು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಕಾರ್ಖಾನೆಯವರು ಕೊಟ್ಟ ಈ ಕೋಣೆಯೂ ಹೋಗುತ್ತದೆ. ಅನ್ನದ ಜೊತೆ ಆ ನಿಜವನ್ನೂ ನುಂಗಿದ. ಅವಳ ಮುಖ ನೋಡಲು ನಾಚಿಕೆಯಾಗಿ ತಟ್ಟೆ ನೋಡುತ್ತಲೇ ಉಂಡ.

ಮಾರನೆಯ ದಿನ ತಪಾಸಣೆಯ ಅಧಿಕಾರಿ ಬಂದ. ಜನ ಜಾಸ್ತಿ ಕಾಣಲಿ ಎಂದು ಮ್ಯಾನೇಜರು ಬಾವಿಗೆ ಹೊರಟಿದ್ದ ಹೆಂಗಸರನ್ನೂ ಖಾಲಿ ಕೊಡಗಳ ಸಮೇತ ಒಳಗೆ ಕರೆಸಿದ್ದ. ಹೆಂಡತಿ ಮುಂದೆಯೇ ನಿಂತಿದ್ದಳು. ಮಗಳು ಅವಳ ಹೆಗಲಿಗೆ ಒರಗಿ ಬಾಡಿಹೋಗಿದ್ದಳು.

"ತಾಯಿ ಹಾಲಿದ್ದಂಗಿದೆ ಸಾರ್ ನಮ್ ನೀರು. ನೋಡಿ ಬೇಕಾದ್ರೆ," ಎಂದ ಮ್ಯಾನೇಜರು.

ಇದ್ದಿಲಣ್ಣ ಲೋಟ ಹಿಡಿದು ಪುಟ್ಟ ನಲ್ಲಿಯ ತನಕ ಹೋದ. ಮಗಳು ನರಳಿದ್ದು ಕೇಳಿಸಿತು. ಕೈ ಮುಂದೆ ಹೋಗಲಿಲ್ಲ. ತಿರುಗಿ, ತೊಟ್ಟಿಯದೇ ದಪ್ಪ ನಲ್ಲಿಗೆ ಲೋಟ ಒಡ್ಡಿದ.

"ಏಯ್ ಹಲ್ಕಾ, ಆ ನಲ್ಲಿ ಅಲ್ವೋ!" ಮ್ಯಾನೇಜರು ಕಿರುಚಿದ.

ಲೋಟ ಕಡುಗೆಂಪಾಗಿ ತುಂಬಿತು. ಅಧಿಕಾರಿ ಫೋನ್ ಬಂತೆಂದು ಆಚೆ ಹೋದ.

"ಇಷ್ಟು ದಿನ ಯಾವ್ದು ಕುಡೀತಿದ್ದೆ?" ಹೆಂಡತಿ ಕೇಳಿದಳು.

ಅವನು ತಲೆ ತಗ್ಗಿಸಿ ಪುಟ್ಟ ನಲ್ಲಿಯತ್ತ ಕೈ ತೋರಿಸಿದ. "ಆಫೀಸಿನೋರ್ ಕುಡಿಯೋ ನೀರು."

"ನಿನ್ನ ನಂಬಿ ಮಗೂಗೆ ಕುಡಿಸ್ದೆನಲ್ಲೋ, ಪಾಪಿ."

ಅವಳು ಬಯ್ದದ್ದು ಅಷ್ಟೇ. ಮ್ಯಾನೇಜರನ್ನು ಮೊಣಕೈಯಿಂದ ಸರಿಸಿ ಪುಟ್ಟ ನಲ್ಲಿಗೆ ಕೊಡ ಹಿಡಿದಳು. "ಬನ್ರೇ, ಆಫೀಸ್ ನೀರು ಇಲ್ಲಿ ಬರುತ್ತೆ!" ಹೆಂಗಸರು ಅವಳ ಹಿಂದೆ ಸಾಲುಗಟ್ಟಿದರು. ನಲ್ಲಿ ಮುಚ್ಚಿ ಎಂದು ಮ್ಯಾನೇಜರು ಬಾಯಿ ಬಡಿದುಕೊಂಡರೂ ಒಬ್ಬರೂ ಕದಲಲಿಲ್ಲ.

ಇದ್ದಿಲಣ್ಣ ಲೋಟ ಚೆಲ್ಲಲು ಮೋರಿಯ ಕಡೆ ಬಗ್ಗಿದ.

"ಅಲ್ಲಿ ಚೆಲ್ಬೇಡ," ಹೆಂಡತಿ ತಿರುಗಿ ನೋಡದೆ ಹೇಳಿದಳು. "ಎಲ್ಲಿ ಚೆಲ್ಲಿದ್ರೂ ನಮ್ ಬಾವಿಗೇ ಬರುತ್ತೆ. ಹಿಡ್ಕೊಂಡೇ ನಿಂತಿರು."

ಅವನು ಹಿಡಿದುಕೊಂಡೇ ನಿಂತ.